ಹಸಿರು ಅಂಗಿಯ ನಾಲ್ಕು ಗುರುತು

ಆಗ ನಮ್ಮ ಮನೆ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಸಿಗುತ್ತಿತ್ತು. ತಂಗಡಗಿ ಕಡೆಯ ಹೊಳೆದಂಡೆಯ ಊರು ನಮ್ಮದು. ಊರ ಕೊನೆಗೆ, ಹೊಳೆಗೆ ಇಳಿಯುವ ದಾರಿಯಲ್ಲಿ ಅಗಸರ ಮನೆ ಒಂದೇ. ಬಾಗಿಲಲ್ಲಿ ಎರಡು ಕತ್ತೆ, ಅಂಗಳದಲ್ಲಿ ಬಟ್ಟೆ ಬೇಯಿಸುವ ಉಬ್ಬೆ, ಅದರ ಮೇಲೆ ಯಾವಾಗಲೂ ಹಬೆ. ಬಟ್ಟೆ ಒಗೆಯಲು ಹಚ್ಚುವ ಸವಳು ಮಣ್ಣಿನ ವಾಸನೆ, ಕತ್ತೆ ಲದ್ದಿಯ ವಾಸನೆ, ಎಲ್ಲಕ್ಕಿಂತ ಮೇಲೆ ಊರ ಮಂದಿಯ ಮೈವಾಸನೆ. ಈಗಿನವರು ಮಷೀನಿಗೆ ಬಟ್ಟೆ ಹಾಕಿ ಗುಂಡಿ ಒತ್ತುತ್ತಾರೆ, ಅವರಿಗೆ ಹೇಳಿದರೆ ತಿಳಿಯುವುದಿಲ್ಲ. ನನ್ನ ವಯಸ್ಸಿನವರಿಗೆ ಗೊತ್ತು. ಆಗ ಊರ ಹೊಲಸೆಲ್ಲ ಒಂದು ಮನೆಗೆ ಬರುತ್ತಿತ್ತು, ಮಡಿಯಾಗಿ ತಿರುಗಿ ಹೋಗುತ್ತಿತ್ತು. ಬಾಣಂತಿಯ ಬಟ್ಟೆ, ಹಾಸಿಗೆ ಹಿಡಿದ ಮುದುಕರ ಬಟ್ಟೆ, ಸತ್ತವರ ಹೊದಿಕೆ. ಅವ್ವ ಆ ಗಂಟುಗಳನ್ನು ಮೂಗು ಮುಚ್ಚದೆ ಬಿಚ್ಚುತ್ತಿದ್ದಳು. ನನಗೆ ಆಗುತ್ತಿರಲಿಲ್ಲ. ಮೂಗು ಹಿಡಿದು ಹೊರಗೆ ಓಡುತ್ತಿದ್ದೆ.

"ಅಗಸರ ಮನ್ಯಾಗ ಕುಲಕರ್ಣಿ ಹುಟ್ಯಾನ ನೋಡವಾ," ಎಂದು ಮುತ್ಯಾ ಅವ್ವನಿಗೆ ಹೇಳಿ ನಗುತ್ತಿದ್ದ. "ಇವಂಗ ಮೂಗ ಅಷ್ಟ ಐತಿ, ಕೈ ಇಲ್ಲ."

ಮುತ್ಯಾ ಅಂದರೆ ನನ್ನ ಅಪ್ಪನ ಅಪ್ಪ. ನಾನು ಮೂರು ವರ್ಷದವನಿದ್ದಾಗ ಅಪ್ಪ ತೀರಿಕೊಂಡಿದ್ದ. ಮನೆಯಲ್ಲಿ ಅವ್ವ, ಮುತ್ಯಾ, ನಾನು, ಮೂರೇ ಮಂದಿ. ಮುತ್ಯಾನಿಗೆ ಒಂದು ಅಕ್ಷರ ಬರುತ್ತಿರಲಿಲ್ಲ. ಆದರೂ ಅರವತ್ತು ಮನೆಯ ಬಟ್ಟೆಯಲ್ಲಿ ಒಂದು ಟವೆಲ್ಲೂ ಅದಲುಬದಲಾಗುತ್ತಿರಲಿಲ್ಲ. ಕೇರಬೀಜ ಅಂತ ಒಂದು ಕಪ್ಪು ಬೀಜ. ಸೂಜಿ ಚುಚ್ಚಿದರೆ ಕಪ್ಪು ರಸ ಬರುತ್ತದೆ. ಅದರಿಂದ ಬಟ್ಟೆಯ ಮೂಲೆಗೆ ಸಣ್ಣ ಗುರುತು ಹಾಕಿ, ಮೇಲೆ ಸುಣ್ಣ ತಿಕ್ಕಿ, ಒಮ್ಮೆ ಒಗೆದುಬಿಟ್ಟರೆ ಬಟ್ಟೆ ಹರಿಯುವ ತನಕ ಆ ಗುರುತು ಹೋಗುವುದಿಲ್ಲ. ಗೌಡರ ಮನೆಗೆ ಒಂದು ಗೆರೆ, ಅದರ ಕೆಳಗೆ ಎರಡು ಚುಕ್ಕೆ. ಮಾಸ್ತರರ ಮನೆಗೆ ತ್ರಿಶೂಲ. ಹೀಗೆ ಮನೆಗೊಂದು.

ಕತ್ತೆಯ ಕೊಟ್ಟಿಗೆಯಲ್ಲಿ ಒಂದು ಗಂಟು ತೂಗುತ್ತಿತ್ತು. ಮುತ್ಯಾ ಗಟ್ಟಿಮುಟ್ಟಾಗಿದ್ದ ಕಾಲಕ್ಕೆ ದೊಡ್ಡ ಲಡಾಯಿಗೆ, ಅಂದರೆ ಎರಡನೆಯ ಮಹಾಯುದ್ಧಕ್ಕೆ, ಹೋಗಿದ್ದ. ಬ್ರಿಟಿಷರ ಪಲ್ಟನ್ನಿನ ಜೊತೆ ಬರ್ಮಾದ ಅಡವಿ ಹೊಕ್ಕು ಬಂದಿದ್ದ. ಬರುವಾಗ ತಂದ ಸಾಮಾನು ಅದು. ಬೇರೆ ಊರುಗಳಲ್ಲಿ ಇಂಥ ಸಾಮಾನನ್ನು ಗೋಡೆಗೆ ಹಾಕಿ ಪೂಜೆ ಮಾಡುವುದನ್ನು ಆಮೇಲೆ ಕಂಡಿದ್ದೇನೆ. ನಮ್ಮಲ್ಲಿ ಅವ್ವ ಅದನ್ನು ಹೊಸ್ತಿಲೊಳಗೆ ಬಿಟ್ಟುಕೊಂಡಿರಲಿಲ್ಲ. ಒಂದು ಬದಿಗೆ ರಬ್ಬರು ಹಚ್ಚಿದ ಚಾದರವಿತ್ತು. ಸಿಪಾಯಿಗಳು ಮಳೆಗೆ ಹೊದ್ದುಕೊಂಡು, ರಾತ್ರಿ ಅದರ ಮೇಲೇ ಮಲಗುತ್ತಿದ್ದರಂತೆ. ನಮ್ಮ ಬಿಸಿಲಿಗೆ ಆ ರಬ್ಬರು ಕರಗಿ ಅಂಟಂಟಾಗಿ, ಸುಟ್ಟ ಕೂದಲಿನ ಹಾಗೆ ನಾರುತ್ತಿತ್ತು. ಮುತ್ಯಾ ಅದನ್ನು ಕತ್ತೆಯ ಬೆನ್ನಿಗೆ ಹಾಕಿ ಅದರ ಮೇಲೆ ಹೊಲಸು ಬಟ್ಟೆ ಹೇರುತ್ತಿದ್ದ. ದಪ್ಪ ಪಟ್ಟಿಯ ನಡುಪಟ್ಟಿ ಕತ್ತೆಗೆ ಬಿಗಿಯಲು. ಹಿಡಿಕೆ ಮಡಚುವ ಚೌಕು ತಗಡಿನ ಡಬ್ಬಿಯಲ್ಲಿ ಬಿಳಿಯರು ಊಟ ಮಾಡುತ್ತಿದ್ದರಂತೆ, ಈಗ ಅದರಲ್ಲಿ ಕೇರಬೀಜ. ಅಗಲ ಅಂಚಿನ ಹ್ಯಾಟನ್ನು ಎಂದೋ ಇಲಿ ತಿಂದು ಮುಗಿಸಿತ್ತು.

ಯಾವ ಕೆಲಸಕ್ಕೂ ಬಳಸದೆ ಇಟ್ಟದ್ದು ಒಂದೇ: ಹಸಿರು ಅಂಗಿ. ಜಾಳುಜಾಳಾದ ನೇಯ್ಗೆ, ಎದೆಗೆ ಎರಡು ಕಿಸೆ. ಬಣ್ಣ ಒಂದೊಂದು ಕಡೆ ಒಂದೊಂದು ತರ, ಪಾಚಿಗಟ್ಟಿದ ನೀರಿನ ಹಾಗೆ. ವರ್ಷಕ್ಕೊಮ್ಮೆ ಮುತ್ಯಾ ಅದನ್ನು ತಾನೇ ಒಗೆದು, ನೆರಳಿಗೆ ಹಾಕಿ, ಮಡಚಿ ಮತ್ತೆ ಗಂಟಿಗೆ ಸೇರಿಸುತ್ತಿದ್ದ.

ಅಕ್ಷರ ಕಲಿಯಲು ನನ್ನನ್ನು ಸಾಲಿಗೆ ಹಾಕಿದ್ದು ಹನ್ನೊಂದನೆಯ ವರ್ಷಕ್ಕೆ. ಆರು ವರ್ಷದ ಹುಡುಗರ ನಡುವೆ ಒಂಟೆಯ ಹಾಗೆ ಕೂಡುತ್ತಿದ್ದೆ. ನನಗಿದ್ದ ಒಂದೇ ಅಂಗಿ ಬೆನ್ನ ಮೇಲೆ ಪಿಸಿದು ಹರಿದಾಗ ಒಂದು ಕೆಟ್ಟ ಬುದ್ಧಿ ಬಂತು. ಊರಿಗೆಲ್ಲ ಅಂಗಿ ಒಗೆಯುವ ಮನೆಯಲ್ಲಿ ಅಂಗಿಗೆ ಬರವೇ? ಮಡಚಿಟ್ಟ ರಾಶಿಯಿಂದ ನೀಲಿ ಪಟ್ಟಿಯ ಅಂಗಿಯೊಂದನ್ನು ತೆಗೆದು ಹಾಕಿಕೊಂಡು ಹೋದೆ. ಅದು ಗೌಡರ ಮಗ ಚನ್ಯಾನದು. ಎಲ್ಲ ತರಗತಿಗೂ ಒಂದೇ ಕೋಣೆ, ನನ್ನ ವಯಸ್ಸಿನ ಚನ್ಯಾ ನನ್ನ ಹಿಂದೆಯೇ ಕುಳಿತಿದ್ದ. ಅಂಗಿಯ ತುದಿ ಎತ್ತಿ ನೋಡಿದ.

"ಮಾಸ್ತರ್ರ! ಇದು ನನ್ನ ಅಂಗಿ ಅದರಿ! ಇಲ್ಲಿ ನೋಡ್ರಿ, ನಮ್ಮ ಮನಿ ಗುರ್ತು. ಇವನ ಮುತ್ಯಾನ ಹಾಕಿದ್ದು!"

ಸಾಲಿಗೆ ಸಾಲಿಯೇ ನಕ್ಕಿತು. ಬಾಪು ಮಾಸ್ತರರು ಮನೆಯಲ್ಲಿ ಮರಾಠಿ ಮಾತಾಡುವವರು. ಮಡಿ ಧೋತರ, ಹಣೆಗೆ ಅಕ್ಷತೆ. ಕೆಟ್ಟವರಲ್ಲ, ಆದರೆ ನಮ್ಮನ್ನು ಮುಟ್ಟುತ್ತಿರಲಿಲ್ಲ. "ಅರೇ ರಾಮಾ," ಅಂದರು. "ತಗೀಯಪಾ ಸಂಗಪ್ಪ, ಅವಂದು ಅವಂಗ ಕೊಡು. ನೋಡು, ನಿನಗ ಹನ್ನೊಂದ ಆಗ್ಯಾವ. ಇನ್ನೊಂದ ತಂಟೆ ಬಂತಂದ್ರ ಹಾಜರಿ ಪಟದಾಗಿಂದು ನಿನ್ನ ಹೆಸರು ಹೊಡದ ಹಾಕ್ತೀನಿ. ಆಮ್ಯಾಲ ಕತ್ತಿ ಹಿಂದ ಹೋಗೂದ ಐತಿ."

ಆ ದಿನ ಬರಿಮೈಯಲ್ಲಿ ಕುಳಿತೆ. ಸಂಜೆ ಮನೆಗೆ ಬಂದು ಮುತ್ಯಾನನ್ನು ಕೇಳಿದೆ. "ಮುತ್ಯಾ, ಆ ಹಸರ ಅಂಗಿ ಯಾರ ಮನೀದೂ ಅಲ್ಲಲ್ಲ. ನಾ ಹಾಕ್ಕೋಲ್ಯಾ?"

ಮುತ್ಯಾ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದ. "ಅದು ಬ್ಯಾಡೋ ತಮ್ಮಾ."

"ಯಾಕ?"

"ಹೊಲಸ ಐತಿ."

"ವರ್ಷಾ ಒಗೀತಿ ಅಲಾ?"

"ಒಗದ್ರ ಹೋಗಾಂಗಿಲ್ಲ ಅದು."

ಮರುದಿನ ಮುತ್ಯಾ ಮಸೂತಿ ಎಂಬ ಊರಿನಲ್ಲಿದ್ದ ತನ್ನ ಮಗಳ ಮನೆಗೆ ಹೋದ. ಬರುವುದು ನಾಲ್ಕು ದಿನ. ನಾನು ಅವ್ವನ ಕಾಲು ಹಿಡಿದೆ. ಅವ್ವ ಉಬ್ಬೆಗೆ ಕಟ್ಟಿಗೆ ಒಟ್ಟುತ್ತ, "ಹಾಕ್ಕೊಂಡ ಹೋಗು. ಅವ ಬರೂದ್ರಾಗ ಒಗದ ಇಡ್ತೀನಿ" ಅಂದಳು.

ಅಂಗಿ ಮೊಣಕಾಲಿನ ತನಕ ಬರುತ್ತಿತ್ತು. ಆದರೂ ಆ ದಿನ ನಾನು ನಡೆದ ನಡಿಗೆ ಬೇರೆ. ಚನ್ಯಾ ತಾನಾಗಿಯೇ ಹತ್ತಿರ ಬಂದ. "ಇದು ಯಾರದಲೇ?"

"ನಮ್ಮ ಮುತ್ಯಾಂದು. ಬ್ರಿಟಿಷರ ಪಲ್ಟನ್ದಾಗ ಸಿಪಾಯಿ ಇದ್ದ. ಬರ್ಮಾದ ಅಡವ್ಯಾಗ ಗುಂಡ ಹಾರಿಸ್ಯಾನ."

"ಎಷ್ಟ ಮಂದೀನ ಹೊಡದಾನ?"

"ನಲವತ್ತು," ಅಂದೆ. ಆಗ ನನಗೆ ನಲವತ್ತರ ತನಕ ಮಾತ್ರ ಎಣಿಕೆ ಬರುತ್ತಿತ್ತು.

ಎರಡು ದಿನ ನಾನೇ ರಾಜ. ಚಿಣಿಪಣಿ ಆಟದಲ್ಲಿ ಮೊದಲ ದಾಂಡು ನನ್ನ ಕೈಗೆ ಕೊಟ್ಟರು. ಚನ್ಯಾ ತನ್ನ ಬುತ್ತಿಯ ಶೇಂಗಾ ಹಿಂಡಿ ನನ್ನ ರೊಟ್ಟಿಯ ಮೇಲೆ ಹಾಕಿದ. ಮೇಲಿಂದಲೇ ಹಾಕಿದ, ಮುಟ್ಟಲಿಲ್ಲ, ಆದರೂ ಹಾಕಿದ. ಯಾರಾದರೂ ಮತ್ತೆ ತುದಿ ಎತ್ತಿ ನೋಡಿದರೆ? ಈ ಅಂಗಿ ನನ್ನದು ಎಂದು ಹೇಳುವುದು ಏನು? ಎರಡನೆಯ ದಿನ ಸಂಜೆ ಡಬ್ಬಿಯಿಂದ ಕೇರಬೀಜ ತೆಗೆದೆ. ಕಾಲರಿನ ಒಳಗೆ, ಕುತ್ತಿಗೆ ತಾಗುವಲ್ಲಿ, ಎರಡು ಹಳೆಯ ಚುಕ್ಕೆಗಳಿದ್ದವು. ಅವುಗಳ ಪಕ್ಕಕ್ಕೆ ನನ್ನ ಹೆಸರಿನ ಮೊದಲ ಅಕ್ಷರವಾದ 'ಸ' ಬರೆದೆ. ಹೆಬ್ಬೆರಳಿನಷ್ಟು ದೊಡ್ಡದಾಗಿ, ರಸ ಸುರಿದು ಬರೆದೆ. ನಮ್ಮ ಮನೆಯಲ್ಲಿ ಯಾರಾದರೂ ಬರೆದ ಮೊದಲ ಅಕ್ಷರ ಅದು. ಸುಣ್ಣ ತಿಕ್ಕಲಿಲ್ಲ. ಒಗೆಯಲಿಲ್ಲ. ಮುಂಜಾನೆ ಹಾಗೆಯೇ ಹಾಕಿಕೊಂಡು ಓಡಿದೆ.

ಮಧ್ಯಾಹ್ನಕ್ಕೆ ಕುತ್ತಿಗೆ ಉರಿಯತೊಡಗಿತು. ಮರುದಿನಕ್ಕೆ ಅಲ್ಲಿ ನೀರು ತುಂಬಿದ ಗುಳ್ಳೆ. ಒಡೆದು ಸೋರಿದಲ್ಲೆಲ್ಲ ಕೆಂಪಾಯಿತು, ಕಿವಿ ಬಾತವು, ಒಂದು ಕಣ್ಣು ಮುಚ್ಚಿತು. ತುರಿಸಿಕೊಂಡ ಉಗುರಿನಲ್ಲಿ ಹಳದಿ ನೀರು. ಅದರ ವಾಸನೆ ನನಗೇ ಹೇಸಿಗೆ ಬರಿಸುತ್ತಿತ್ತು. ಆದರೂ, ಅವ್ವ ನಸುಕಿನಲ್ಲೇ ಹೊಳೆಗೆ ಹೋದ ಮೇಲೆ, ಸಾಲಿಗೆ ಹೋದೆ, ಅಂಗಿ ಬಿಡಲಿಲ್ಲ.

ಚನ್ಯಾ ಎದ್ದು ದೂರ ಸರಿದ. "ಮಾಸ್ತರ್ರ, ಸಂಗ್ಯಾಗ ಮೈಲಿ ಬಂದೈತಿ!"

ಮೈಲಿ ಅಂದರೆ ಸಿಡುಬು, ಹೆಸರು ಕೇಳಿದರೆ ಆಗ ಊರೇ ನಡುಗುತ್ತಿತ್ತು. ಮಾಸ್ತರರು ಧೋತರದ ತುದಿಯನ್ನು ಮೂಗಿಗೆ ಒತ್ತಿಕೊಂಡು ಗೋಡೆಗೆ ಅಂಟಿ ನಿಂತರು. "ಹೊರಗ ನಡಿ! ಮದಲ ಹೊರಗ ನಡಿ! ನಾಳಿ ಮುಂಜಾನೆ ಹೆಸರ ತಗೀತೀನಿ. ಊರಾಗಿನ ಕೂಸುಗೋಳು ಉಳೀಬೇಕಿಲ್ಲೋ?"

ಅಳುತ್ತ ಮನೆಗೆ ಬಂದಾಗ ಮುತ್ಯಾ ಆಗಲೇ ಮಸೂತಿಯಿಂದ ಬಂದು ಕಟ್ಟೆಯ ಮೇಲೆ ಕುಳಿತಿದ್ದ. ನನ್ನ ಮೈಮೇಲಿನ ಅಂಗಿ ನೋಡಿದ. ಬೈಯಲಿಲ್ಲ. ಕಾಲರು ಮಡಚಿ 'ಸ' ನೋಡಿದ.

"ಸುಣ್ಣ ತಿಕ್ಕಿದ್ಯಾ?"

"ಇಲ್ಲ."

"ಒಗದಿದ್ಯಾ?"

"ಇಲ್ಲ."

"ಹೌದು ಬಿಡು," ಅಂದ ಮುತ್ಯಾ, ತನ್ನಷ್ಟಕ್ಕೆ. "ನಾನೂ ಹಿಂಗ ಮಾಡಿದ್ದೆ." ಕೊಬ್ಬರಿ ಎಣ್ಣೆ ತರಿಸಿ ಹಚ್ಚಿದ. ಅವನ ಬೆರಳು ಕಲ್ಲಿನ ಹಾಗೆ ಒರಟು.

ಮರುದಿನ ನನ್ನ ಕೈ ಹಿಡಿದುಕೊಂಡು ಸಾಲಿಗೆ ಹೊರಟ. ಇನ್ನೊಂದು ಕೈಯಲ್ಲಿ ಮಡಚಿದ ಹಸಿರು ಅಂಗಿ, ಬಗಲಲ್ಲಿ ಕೇರಬೀಜದ ಡಬ್ಬಿ. ಹೊಸ್ತಿಲ ಹೊರಗೇ ನಿಂತು ಕೈಮುಗಿದ. "ಮಾಸ್ತರ್ರ, ಹುಡುಗನ ಹೆಸರ ತಗೀಬ್ಯಾಡ್ರಿ. ಇದು ಮೈಲಿ ಅಲ್ರಿ, ಕೇರಬೀಜದ ಸುಡುವು. ನಿಮ್ಮ ಧೋತರಕ್ಕ ನಾ ಹಾಕ್ತೀನಲ್ಲರಿ, ಅದ ಬೀಜ."

"ನನಗ ಎಂದೂ ಸುಟ್ಟಿಲ್ಲಲ್ಲೋ?" ಅಂದರು ಮಾಸ್ತರರು, ದೂರದಿಂದಲೇ.

"ನಾ ಸುಣ್ಣ ತಿಕ್ಕಿ, ಒಗದು, ಒಣಗಿಸಿ ಕೊಡ್ತೀನ್ರಿ. ಹಸೀ ಇದ್ದಾಗ ಬೆವರು ತಾಗಿತಂದ್ರ ಹಿಂಗ ಆಗತೈತಿ. ಲಡಾಯ್ದಾಗ ಎಷ್ಟ ಬಿಳಿ ಮಂದಿ ಕುತಿಗಿ ಹಿಂಗ ಆಗಿದ್ವು, ನನ್ನ ಕೈಯಿಂದ."

ಚನ್ಯಾ ಎದ್ದು ನಿಂತ. "ಮುತ್ಯಾ, ನೀ ನಲವತ್ತ ಮಂದೀನ ಹೊಡದೀಯಂತ, ಖರೇನ?"

ಮುತ್ಯಾ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. "ಯಾರ ಹೇಳ್ಯಾರೋ ಯಪ್ಪಾ? ನಾ ಬಂದೂಕ ಮುಟ್ಟಿಲ್ಲ. ನಾ ಪಲ್ಟನ್ನಿನ ಅಗಸ. ಇಲ್ಲಿ ನಿಮ್ಮವು ಒಗೀತೀನಿ, ಅಲ್ಲಿ ಅವರವು ಒಗೀತಿದ್ದೆ."

ಹುಡುಗರು ಹೋ ಎಂದು ನಕ್ಕರು. ನನ್ನ ರಾಜ್ಯ ಅಲ್ಲಿಗೆ ಮುಗಿಯಿತು. ಆದರೆ ಮಾಸ್ತರರು ನಗಲಿಲ್ಲ. ಒಂದು ಹೆಜ್ಜೆ ಮುಂದೆ ಬಂದರು. "ಬಿಳಿ ಮಂದಿ ಕುತಿಗಿ ಸುಟ್ವು ಅಂದ್ಯಲ್ಲ, ಏನಾತು?"

ಮುತ್ಯಾ ಹೊಸ್ತಿಲ ಹೊರಗೆ ಕುಕ್ಕರಗಾಲಲ್ಲಿ ಕುಳಿತು ಹೇಳಿದ. ಮೊದಲು ಅವರಿಗೆ ಖಾಕಿ ಇತ್ತಂತೆ. ಅಡವಿಯಲ್ಲಿ ಖಾಕಿ ಎದ್ದು ಕಾಣುತ್ತದೆ ಎಂದು ಹಂಡೆಗಳಲ್ಲಿ ಹಸಿರು ಬಣ್ಣ ಕುದಿಸಿ ಎಲ್ಲವನ್ನೂ ಅದ್ದಿದರಂತೆ. "ಮಳಿ ಹತ್ತಿತಂದ್ರ ಬಣ್ಣ ಇಳದು ಮೈಯೆಲ್ಲ ಹಸರ. ಜ್ವರಾ ಬರಬಾರದಂತ ಹಳದಿ ಗುಳಿಗಿ ನುಂಗಿ ನುಂಗಿ ಮಾರಿ ಅರಿಷಿಣ ಹಚ್ಚಿದ ಮದಿಮಗನಂಗ. ಅರಿವಿ ಮೈಮ್ಯಾಲನ ಕೊಳೀತಿತ್ರಿ. ಬೂಟ ತಗದ್ರ ಕಾಲಿನ ತೊಗಲ ಬೂಟಿನಾಗ ಉಳೀತಿತ್ತು. ಕಾಲಿಗಿ ಸುತ್ತಿದ ಪಟ್ಟಿ ಬಿಚ್ಚಿದ್ರ ಒಳಗ ಜಿಗಳಿ, ಇಷ್ಟಿಷ್ಟ ದಪ್ಪ, ರಗತ ಕುಡದು ಉಬ್ಬಿದವು. ಕಲ್ಲಿಗಿ ಬಡದ್ರ ಪಟ್ ಅಂತ ಒಡದು ನನ್ನ ಮಾರಿಗೇ ಸಿಡೀತಿದ್ವು."

ಯಾರೋ "ಥೂ" ಅಂದರು.

"ಹೊಟ್ಟಿ ಜಾಡಿಸಿದವ್ರು ಪಾಟ್ಲೂಣ ಬಿಚ್ಚಾಕ ಪುರಸೊತ್ತ ಇಲ್ಲಂತ ಹಿಂದಿಂದು ಕತ್ತರಿಸೇ ಬಿಟ್ಟಿದ್ರು. ಹಂಗ ನಡೀತಿದ್ರು, ಹಂಗ ಹೇಲತಿದ್ರು, ಹಂಗ ಗುಂಡ ಹಾರಿಸ್ತಿದ್ರು. ಆ ಗಂಟು ನನ್ನ ಕಡಿ ಬರೂದು. ಲಡಾಯಿ ಅಂದ್ರ ನನಗ ಗೊತ್ತಿರೂದು ಇಷ್ಟರಿ."

ಮಾಸ್ತರರು ಧೋತರ ಮೂಗಿನಿಂದ ಇಳಿಸಿದ್ದರು. ಮುತ್ಯಾ ಮುಂದುವರಿಸಿದ. ಇನ್ನೂರು ಮಂದಿಯ ಒಂದೇ ತರದ ಅಂಗಿ, ಯಾರದು ಯಾರದೆಂದು ತಿಳಿಯಬೇಕು. ಊರಿನಲ್ಲಿ ಮಾಡುವ ಹಾಗೆ ಕೇರಬೀಜದ ಗುರುತು ಹಾಕಿದ, ಕಾಲರಿನ ಒಳಗೆ. ಅಲ್ಲಿ ಸುಣ್ಣ ಸಿಗಲಿಲ್ಲ, ಬಿಸಿಲಂತೂ ಇಲ್ಲ. ವಾರದಲ್ಲಿ ಪಲ್ಟನ್ನಿನ ಅರ್ಧ ಮಂದಿಯ ಕುತ್ತಿಗೆ ಗುಳ್ಳೆಗಟ್ಟಿ ಒಡೆಯಿತು. ಅಗಸ ವಿಷ ಹಾಕಿದ್ದಾನೆಂದು ಸಾರ್ಜಂಟನೊಬ್ಬ ನಡುಪಟ್ಟಿ ಬಿಚ್ಚಿ ಹೊಡೆಯತೊಡಗಿದ, ಅದರ ಹಿತ್ತಾಳೆ ಕೊಂಡಿಯಿಂದ.

"ಆಗ ಒಬ್ಬ ಕೆಂಪಗೂದಲಿನ ಹುಡುಗ ನಡುವ ಬಂದ್ರಿ. ಇಪ್ಪತ್ತೂ ಆಗಿದ್ದಿಲ್ಲ. ಎಲ್ಲಾರಕಿಂತ ಹೆಚ್ಚ ಅವನ ಕುತಿಗಿನ ಸುಟ್ಟಿತ್ತು. ಹೊಡೀಬ್ಯಾಡ ಅಂದ. ಸಂಜೀಕ ಇದ ಡಬ್ಬಿದಾಗ ನನಗ ಚಹಾ ಕೊಟ್ಟ. ಡಬ್ಬಿ ತಿರಗಿ ತಗೋಲಿಲ್ಲ." ಮುತ್ಯಾ ತಗಡಿನ ಡಬ್ಬಿಯನ್ನು ಮೆಲ್ಲಗೆ ತಟ್ಟಿದ. "ಆಮ್ಯಾಲ ಗುರ್ತು ಅಂಗಿ ತುದೀಗಿ ಹಾಕಾಕ ಹತ್ತಿದ್ನಿ."

ಅಂಗಿ ಬಿಚ್ಚಿ ಮೊಣಕಾಲ ಮೇಲೆ ಹಾಸಿದ. ಕಾಲರಿನ ಎರಡು ಚುಕ್ಕೆಗಳ ಮೇಲೆ ಬೆರಳಿಟ್ಟ. ಎರಡನ್ನೂ ಹೊಡೆದುಹಾಕಿದ ಹಾಗೆ ಒಂದು ಅಡ್ಡಗೆರೆ ಎಳೆದಿತ್ತು. ಅಲ್ಲಿಯ ತನಕ ನಾನದನ್ನು ಗಮನಿಸಿರಲಿಲ್ಲ.

"ಇದು ಅವಂದು. ಹೊಟ್ಟಿ ಜಾಡಿಸಿ ಸತ್ತ. ಸತ್ತವನ ಅಂಗಿ ನಮ್ಮಲ್ಲಿ ಸುಡಗಾಡದಾಗ ಬಿಟ್ಟ ಬರ್ತೀವ್ರಿ. ಪಲ್ಟನ್ದಾಗ ಒಗದು, ಹೊಲದು, ಇನ್ನೊಬ್ಬಂಗ ಕೊಡ್ತಿದ್ರು. ನಾ ಹಳೇ ಗುರ್ತಿಗಿ ಗೆರಿ ಎಳದು ಹೊಸಾದು ಹಾಕ್ತಿದ್ದೆ." ಬೆರಳು ಅಂಗಿಯ ತುದಿಗೆ ಹೋಯಿತು. "ಈ ಕಾಗಿ ಕಾಲು, ಇವ ಸೀಟಿ ಹೊಡೀತಿದ್ದ, ಹಕ್ಕಿ ಬಂದಂಗ. ಬಗಲಾಗ ಹೊಲಗಿ ಐತಿ ನೋಡ್ರಿ, ಗುಂಡ ಹೊಕ್ಕಿದ್ದು ಅಲ್ಲೇ. ಈ ದುಂಡಂದು, ನಡುವ ಚುಕ್ಕಿ, ಇವ ದೊಡ್ಡಾಂವ, ಅವ್ವನ ಕಾಗದಾ ಬಂದ್ರ ಅಳತಿದ್ದ. ಜ್ವರಾ ಬಂದು ಹ್ವಾದ. ರಬ್ಬರ ಚಾದರದಾಗ ಸುತ್ತಿ ನಾವ ಮಣ್ಣ ಮಾಡಿದ್ವಿ. ಅಂಗಿ ತಗದ ಇಟಗೊಂಡ್ರು. ಈ ನಾಕನೇದು..."

ಅಷ್ಟರಲ್ಲಿ ನನ್ನ ಹೊಟ್ಟೆ ತಡೆಯಲಿಲ್ಲ. ಸತ್ತವರ ಅಂಗಿ. ಒಬ್ಬರದಲ್ಲ. ಹೇಲು, ಕೀವು, ರಗತ, ಜಿಗಳಿ, ಎಲ್ಲ ಹೀರಿದ ಆ ಜಾಳು ಬಟ್ಟೆ ನಾಲ್ಕು ದಿನ ನನ್ನ ಮೈಗೆ ಹತ್ತಿಕೊಂಡಿತ್ತು. ಒಡೆದ ಗುಳ್ಳೆಗೂ ಹತ್ತಿತ್ತು. ಮುಂಜಾನೆ ತಿಂದ ರೊಟ್ಟಿ, ಪುಂಡಿಪಲ್ಯ ಎಲ್ಲವನ್ನೂ ಸಾಲಿಯ ಮೆಟ್ಟಿಲ ಮೇಲೆ ಕಾರಿಕೊಂಡೆ. ಹುಡುಗರು ಚೀರುತ್ತ ಒಳಗೆ ಓಡಿದರು. ಮುತ್ಯಾ ಮಾತು ನಿಲ್ಲಿಸಿ, ಬರಿಗೈಯಿಂದ ನನ್ನ ಬಾಯಿ ಒರೆಸಿದ. ಆ ಕೈಯೂ ನನಗೆ ಹೇಸಿಗೆಯಾಯಿತು. ಮುಖ ತಿರುಗಿಸಿದೆ.

ಮಾಸ್ತರರು ಹೊಸ್ತಿಲ ತನಕ ಬಂದು ನನ್ನ ಕುತ್ತಿಗೆಯನ್ನು ಬಗ್ಗಿ ನೋಡಿದರು. "ಹೆಸರ ತಗಿಯೂದಿಲ್ಲ," ಅಂದರು. "ಗಾಯ ಒಣಗಿದ ಮ್ಯಾಲ ಬರ್ಲಿ. ಅಂಗಿ ನಾ ಒಂದ ಕೊಡ್ತೀನಿ." ಕೊಟ್ಟರು ಕೂಡ. ತ್ರಿಶೂಲದ ಗುರುತಿತ್ತು ಅದಕ್ಕೆ.

ನನ್ನ ಸಾಲಿ ಉಳಿಯಿತು. ಆ ಮಧ್ಯಾಹ್ನ ಮುತ್ಯಾ ಕತ್ತೆ ಹೊಡೆದುಕೊಂಡು ಊರೊಳಗೆ ಹೋದಾಗ ನಾನು ಕೊಟ್ಟಿಗೆಗೆ ಹೋದೆ. ಹಸಿರು ಅಂಗಿಯನ್ನು ಕಟ್ಟಿಗೆಯಿಂದ ಎತ್ತಿದೆ, ಕೈಯಿಂದ ಮುಟ್ಟಲಿಲ್ಲ. ಹೊಳೆಗೆ ಹೋಗಿ ಅದರ ಮೇಲೊಂದು ಕಲ್ಲಿಟ್ಟು, ಬಟ್ಟೆ ಮುಟ್ಟದೆ ಕತ್ತೆಯ ಹಗ್ಗದಿಂದ ಸುತ್ತಿ ಬಿಗಿದು, ಒಗೆಯುವ ಬಂಡೆಯ ಮೇಲಿಂದ ಮಡುವಿಗೆ ನೂಕಿದೆ. ಮೂರು ಸಲ ಮಿಂದೆ.

ಸಂಜೆ ಮುತ್ಯಾ ಗಂಟು ಬಿಚ್ಚಿದ. ಬಹಳ ಹೊತ್ತು ಹುಡುಕಿದ. ನಾನೇ ಹೇಳಿದೆ: "ಹೊಳಿಗಿ ಒಗದೀನಿ. ಹೇಸಿಗಿ ಬಂತು."

ಹೊಡೆದಿದ್ದರೆ ಚೆನ್ನಾಗಿತ್ತು. ಮುತ್ಯಾ ಅಲ್ಲೇ ಕತ್ತೆಯ ಪಕ್ಕ ಕುಳಿತ. "ಬರೋಬ್ಬರಿ ಐತಿ. ಹೇಸಿಗಿ ಬರೂವಂಥಾದ್ದ," ಅಂದ. ಗಂಟು ಮತ್ತೆ ಕಟ್ಟುತ್ತ ಅಂದ: "ಅವರ ಹೆಸರ ನನಗ ತಿಳೀತಿದ್ದಿಲ್ಲೋ ತಮ್ಮಾ. ಆ ಗುರ್ತು ಅಷ್ಟ ಇತ್ತು ನನ್ನ ಕಡಿ."

ಆಮೇಲೆ ಎಂಟು ವರ್ಷ ಮುತ್ಯಾ ಬದುಕಿದ್ದ. ಆ ಮಾತನ್ನು ಅವನು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಈಗ ನನಗೆ ಅರವತ್ತು ದಾಟಿದೆ. ನಾವು ಒಗೆಯುತ್ತಿದ್ದ ಬಂಡೆ ಅಣೆಕಟ್ಟಿನ ಹಿನ್ನೀರಿನ ಅಡಿಗೆ ಹೋಗಿದೆ. ಕೇರಬೀಜದ ಗುರುತು ಓದುವವರು ಊರಲ್ಲಿ ಯಾರೂ ಉಳಿದಿಲ್ಲ, ನಾನೂ ಕಲಿಯಲಿಲ್ಲ. ಮೊನ್ನೆ ತಾಳಿಕೋಟೆಯ ಸಂತೆಯಲ್ಲಿ ಹಸಿರು ಮಚ್ಚೆಯ ಮಿಲಿಟರಿ ಪ್ಯಾಂಟುಗಳನ್ನು ರಾಶಿ ಹಾಕಿ ಮಾರುತ್ತಿದ್ದರು. ಒಬ್ಬ ಹುಡುಗ ಹಾಕಿಕೊಂಡು ಎದೆಯುಬ್ಬಿಸಿ ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡ. ಹೊಚ್ಚ ಹೊಸ ಬಟ್ಟೆ, ಗಂಜಿಯ ವಾಸನೆ. ಆದರೂ ಮೂಗು ಮುಚ್ಚಿಕೊಂಡು ಚಹಾದ ಅಂಗಡಿಯ ಹಿಂದೆ ಹೋಗಿ ನಿಂತೆ. ಆದರೆ ಹೇಸಿಗೆ ಬಂದದ್ದು ಆ ಪ್ಯಾಂಟಿಗಲ್ಲ. ಕಟ್ಟಿಗೆಯಿಂದ ಅಂಗಿ ಎತ್ತಿದ ಆ ಹುಡುಗನಿಗೆ, ಬಾಯಿ ಒರೆಸಿದ ಕೈಯಿಂದ ಮುಖ ತಿರುಗಿಸಿದ ಆ ಹುಡುಗನಿಗೆ.

ಕುತ್ತಿಗೆಯ ಮೇಲಿನ ಕಪ್ಪು ಕಲೆ ಇನ್ನೂ ಇದೆ, ಕ್ಷೌರದವನು ಈಗಲೂ ಏನೆಂದು ಕೇಳುತ್ತಾನೆ. ತಡವಾಗಿ ಕಲಿತ ಅಕ್ಷರ ಒಂದೊಂದನ್ನೇ ಒತ್ತಿ ಇಷ್ಟು ಬರೆದಿದ್ದೇನೆ. ಎರಡು ಚುಕ್ಕೆ, ಕೆಂಪುಗೂದಲಿನವನು. ಕಾಗೆ ಕಾಲು, ಸೀಟಿ ಹೊಡೆಯುತ್ತಿದ್ದವನು. ದುಂಡಗಿನದು, ಅವ್ವನ ಕಾಗದಕ್ಕೆ ಅಳುತ್ತಿದ್ದವನು. ನಾಲ್ಕನೆಯದು ಮೂರು ಅಡ್ಡಗೆರೆ, ಮೇಲೊಂದು ಚುಕ್ಕೆ. ಕಣ್ಣಿಗೆ ಕಟ್ಟಿದ ಹಾಗಿದೆ. ಅದು ಯಾರದೆಂದು ಮುತ್ಯಾ ಹೇಳುವವನೇ ಇದ್ದ, ಅಷ್ಟರಲ್ಲಿ ನಾನು ಕಾರಿಕೊಂಡೆ.